ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್ ಸುಟ್ಟಿಲ್ಲ, ಗುರುಗಳೇ

ಪ್ರಶ್ನೆ: ನಾನು ಸುರಪುರದ ನಿವೃತ್ತ ಕನ್ನಡ ಶಿಕ್ಷಕ. ಸುರಪುರ, ಶಹಾಪುರ, ಜೇವರ್ಗಿ ಕಡೆಯ ಊರುಗಳನ್ನು ತಿರುಗಿ ತತ್ವಪದ ಹಾಡುವವರ ದನಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಎಲ್ಲವೂ 2006ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿದೆ, ಸುಮಾರು 40 ಜಿಬಿ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ. ಯುಎಸ್‌ಬಿ ಕೆಟ್ಟಿದೆ, ಡಿವಿಡಿ ಡ್ರೈವ್ ಕೆಟ್ಟಿದೆ, ಅದರ ವೈಫೈಗೆ ಮೊಬೈಲಿನ ಹಾಟ್‌ಸ್ಪಾಟ್ ಕಾಣುವುದೇ ಇಲ್ಲ. ಮಗ ಕೊಟ್ಟ 2008ರ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7 ಇದೆ. ಎರಡನ್ನೂ ಲ್ಯಾನ್ ಕೇಬಲಿನಿಂದ ನೇರವಾಗಿ ಜೋಡಿಸಲು ನೋಡಿದೆ. ಹೊಸದಾಗಿ ಕೊಂಡ ನೀಲಿ ಕೇಬಲ್ ಹಾಕಿದರೆ ಎರಡೂ ಕಡೆ ಕೆಂಪು ಅಡ್ಡಗುರುತು, ‘ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್’. ಅಂಗಡಿಯ ಹುಡುಗ ನೋಡಿ “ಪೋರ್ಟ್ ಸುಟ್ಟು ಹೋಗ್ಯದ್ರಿ ಸರ್” ಎಂದ. ಆಮೇಲೆ ಗೆಳೆಯರ ಹಳೆಯ ಬೂದು ಕೇಬಲ್ ಹಾಕಿದಾಗ ದೀಪ ಹತ್ತಿತು, ಆದರೆ ಹಳದಿ ತ್ರಿಕೋನ ಬಂತು. ಯಾರೋ ಹೇಳಿದಂತೆ ಎಕ್ಸ್‌ಪಿಗೆ 192.168.10.1, ಇನ್ನೊಂದಕ್ಕೆ 192.168.10.2 ಎಂದು ವಿಳಾಸ ಕೊಟ್ಟೆ. ವಿಂಡೋಸ್ 7ರಿಂದ ಪಿಂಗ್ (ಎದುರಿನ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ನಾಲ್ಕು ಸಲ ಬರುತ್ತದೆ. ಮುಂದೇನು ಮಾಡಲಿ?

ಉತ್ತರ: ಗುರುಗಳೇ, ನಮಸ್ಕಾರ. ನಿಮ್ಮ ಎರಡೂ ಲ್ಯಾಪ್‌ಟಾಪುಗಳ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳು, ಚೆನ್ನಾಗಿವೆ. ಕಣ್ಣಿಂದ ನೋಡದೆ ಇಷ್ಟು ಖಚಿತವಾಗಿ ಹೇಳಲು ಬೇಕಾದ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಬೂದು ಕೇಬಲಿಗೆ ದೀಪ ಹತ್ತಿದೆ. ವಿಂಡೋಸ್ 7 ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದಿದೆ. ಇವೆರಡನ್ನೂ ಕೂಡಿಸಿ ಓದಿದರೆ ತಂತಿ ಸರಿ, ಪೋರ್ಟ್ ಸರಿ, ವಿಳಾಸವೂ ಸರಿ. ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುವ ಎಕ್ಸ್‌ಪಿಯ ಕಾವಲು ತಂತ್ರಾಂಶ, ಫೈರ್‌ವಾಲ್, ಬಾಗಿಲು ಹಾಕಿಕೊಂಡು ಕೂತಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥ ಹಳೆಯ ಲ್ಯಾಪ್‌ಟಾಪ್ ಕಪಾಟಿನಲ್ಲಿ ಬಿದ್ದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನೀಲಿ ಕೇಬಲಿನಿಂದ ಶುರು ಮಾಡೋಣ. ಲ್ಯಾನ್ ಕೇಬಲಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಆ ಕಾಲದ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪೋರ್ಟುಗಳಿಗೆ ಅವುಗಳಲ್ಲಿ ನಾಲ್ಕೇ ಎಳೆ ಸಾಕು. 1 ಮತ್ತು 2ನೇ ಪಿನ್ನಿನಿಂದ ಮಾತಾಡುತ್ತವೆ, 3 ಮತ್ತು 6ನೇ ಪಿನ್ನಿನಲ್ಲಿ ಕೇಳಿಸಿಕೊಳ್ಳುತ್ತವೆ. ಲ್ಯಾಪ್‌ಟಾಪನ್ನು ಮೋಡೆಮ್ಮಿಗೋ, ಹಲವು ಕಂಪ್ಯೂಟರುಗಳನ್ನು ಒಟ್ಟಿಗೆ ಸೇರಿಸುವ ಸ್ವಿಚ್ ಎಂಬ ಪೆಟ್ಟಿಗೆಗೋ ಜೋಡಿಸಿದಾಗ ಸಾದಾ ಕೇಬಲ್ ನಡೆಯುತ್ತದೆ, ಯಾಕೆಂದರೆ ಆ ಪೆಟ್ಟಿಗೆಗಳ ಒಳಗೇ ಈ ಜೋಡಿಗಳು ಅದಲುಬದಲಾಗಿರುತ್ತವೆ. ಲ್ಯಾಪ್‌ಟಾಪಿಗೆ ಲ್ಯಾಪ್‌ಟಾಪೇ ಎದುರು ಕೂತಾಗ ಸಾದಾ ಕೇಬಲಿನಲ್ಲಿ ಇದರ ಬಾಯಿಗೆ ಅದರ ಬಾಯಿ, ಇದರ ಕಿವಿಗೆ ಅದರ ಕಿವಿ ಸೇರಿಬಿಡುತ್ತದೆ. ಯಾವುದಕ್ಕೂ ಎದುರಿನದರ ಸದ್ದು ಕೇಳದು, ದೀಪ ಹತ್ತದು, ವಿಂಡೋಸ್ ಕೇಬಲ್ಲೇ ಇಲ್ಲ ಎನ್ನುತ್ತದೆ. ಇದಕ್ಕೆಂದೇ ಒಂದು ತುದಿಯಲ್ಲಿ ಎರಡು ಜೋಡಿಗಳನ್ನು ಅದಲುಬದಲು ಮಾಡಿದ ಕೇಬಲ್ ಬರುತ್ತಿತ್ತು. ಅದಕ್ಕೆ ಕ್ರಾಸ್ ಕೇಬಲ್ ಎನ್ನುತ್ತಿದ್ದೆವು. ನಿಮ್ಮ ಗೆಳೆಯರ ಬೂದು ಕೇಬಲ್ ಅದೇ.

ಅಂಗಡಿಯ ಹುಡುಗನನ್ನು ದೂರಬೇಡಿ. ಈಗಿನ ಗಿಗಾಬಿಟ್ ಪೋರ್ಟುಗಳು ಎದುರಿಗೆ ಯಾರಿದ್ದಾರೆಂದು ತಾವೇ ಗುರುತಿಸಿ ಬಾಯಿ ಕಿವಿ ಬದಲಿಸಿಕೊಳ್ಳುತ್ತವೆ. ಈ ಗುಣಕ್ಕೆ ಆಟೋ ಎಂಡಿಐ-ಎಕ್ಸ್ ಎಂದು ಹೆಸರು. ಎರಡರಲ್ಲಿ ಒಂದು ಲ್ಯಾಪ್‌ಟಾಪಿಗೆ ಅದಿದ್ದರೂ ಸಾದಾ ಕೇಬಲ್ ಸಾಕು. ಹೊಸ ಯಂತ್ರಗಳನ್ನೇ ನೋಡಿ ಬೆಳೆದವರಿಗೆ ಕ್ರಾಸ್ ಕೇಬಲಿನ ಕಾಲ ಗೊತ್ತಿರುವುದಿಲ್ಲ. ದೀಪ ಹತ್ತದಿದ್ದರೆ ಪೋರ್ಟ್ ಸತ್ತಿದೆ ಎಂದು ಅವರು ತಿಳಿಯುವುದು ಸಹಜ. ನಿಮ್ಮ 2006ರದ್ದಕ್ಕೂ 2008ರದ್ದಕ್ಕೂ ಆ ಗುಣವಿಲ್ಲ.

ಕೈಯಲ್ಲಿರುವುದು ಯಾವ ಕೇಬಲ್ ಎಂದು ತಿಳಿಯುವುದು ಸುಲಭ. ಎರಡೂ ತುದಿಯ ಪಾರದರ್ಶಕ ಪ್ಲಾಸ್ಟಿಕ್ ತಲೆಗಳನ್ನು ಅಕ್ಕಪಕ್ಕ ಹಿಡಿಯಿರಿ, ಟಕ್ ಎಂದು ಕೂರುವ ನಾಲಗೆ ಎರಡರದ್ದೂ ಕೆಳಗಿರಲಿ. ಬಣ್ಣಗಳನ್ನು ಎಡದಿಂದ ಓದಿ. ಸಾಮಾನ್ಯ ಜೋಡಣೆ ಹೀಗಿರುತ್ತದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಹೀಗೇ ಇದ್ದರೆ ಸಾದಾ ಕೇಬಲ್. ಒಂದು ತುದಿಯಲ್ಲಿ ಕಿತ್ತಳೆಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಿತ್ತಳೆ ಬಂದಿದ್ದರೆ ಕ್ರಾಸ್. ನೀಲಿ ಕೇಬಲನ್ನೂ ಹಾಗೆ ಮಾಡಿಸಿಕೊಳ್ಳಬಹುದು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಎಳೆಯುವ ಹುಡುಗರ ಬಳಿ ಕ್ರಿಂಪಿಂಗ್ ಇಕ್ಕಳ ಇರುತ್ತದೆ. ಒಂದು ತುದಿ ಕತ್ತರಿಸಿ ಕಿತ್ತಳೆ-ಹಸಿರು ಅದಲುಬದಲು ಮಾಡಿ ಒತ್ತಿಕೊಡಿ ಎಂದರೆ ಐದು ನಿಮಿಷದ ಕೆಲಸ.

ಬೂದು ಕೇಬಲನ್ನು ಗೆಳೆಯರಿಗೆ ಹಿಂದಿರುಗಿಸಲೇಬೇಕಾದರೆ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಹಿಂದೆ ಟೆಲಿಫೋನ್ ಲೈನಿನಲ್ಲಿ ಇಂಟರ್‌ನೆಟ್ ಕೊಡುತ್ತಿದ್ದ ಹಳೆಯ ಮೋಡೆಮ್ ಯಾರದಾದರೂ ಅಟ್ಟದ ಮೇಲೆ ಇದ್ದೇ ಇರುತ್ತದೆ. ಅದರ ಬೆನ್ನಲ್ಲಿ ನಾಲ್ಕು ಲ್ಯಾನ್ ಕಿಂಡಿಗಳಿದ್ದರೆ ಕರೆಂಟ್ ಕೊಟ್ಟು ಎರಡು ಸಾದಾ ಕೇಬಲಿನಿಂದ ಎರಡೂ ಲ್ಯಾಪ್‌ಟಾಪನ್ನು ಅದಕ್ಕೆ ಸಿಕ್ಕಿಸಿ. ಟೆಲಿಫೋನ್ ಲೈನ್ ಬೇಡ, ಇಂಟರ್‌ನೆಟ್ ಬೇಡ. ಅದು ಸ್ವಿಚ್ಚಿನಂತೆಯೂ ಕೆಲಸ ಮಾಡುತ್ತದೆ, ವಿಳಾಸಗಳನ್ನೂ ತಾನೇ ಹಂಚುತ್ತದೆ. ಆಗ ನೀವು ಕೈಯಾರೆ ಕೊಟ್ಟ ವಿಳಾಸ ತೆಗೆದು ‘ಆಟೋಮ್ಯಾಟಿಕ್’ ಮಾಡಿಬಿಡಿ. ಪೋರ್ಟ್ ಬದುಕಿದೆಯೋ ಸತ್ತಿದೆಯೋ ಎಂದು ನೋಡಲೂ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಮೋಡೆಮ್ಮಿಗೆ ಹಾಕಿದಾಗ ದೀಪ ಹತ್ತಿದರೆ ಪೋರ್ಟ್ ಬದುಕಿದೆ.

ಯಾವ ಕೇಬಲಿಗೂ, ಮೋಡೆಮ್ಮಿಗೂ ದೀಪ ಹತ್ತದವರು ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಎರಡು ಕಂಪ್ಯೂಟರುಗಳ ನಡುವೆ ಸಂಪರ್ಕ ಬಂದುಹೋಗಿ ಮಾಡುತ್ತಿತ್ತು. ಕೇಬಲ್ ಎರಡು ಸಲ ಬದಲಿಸಿದ್ದರು, ಕಾರ್ಡ್ ಒಂದು ಸಲ ಬದಲಿಸಿದ್ದರು. ನಾನು ಹೋಗಿ ನೋಡಿದರೆ ಪೋರ್ಟಿನ ಎಂಟು ಚಿನ್ನದ ಬಣ್ಣದ ಕಡ್ಡಿಗಳ ಮೇಲೆ ತೊಗರಿ ಹೊಟ್ಟಿನ ಸಣ್ಣ ಪುಡಿ ಪದರುಗಟ್ಟಿತ್ತು. ಒಣಗಿದ ಮೆತ್ತನೆ ಬ್ರಷ್ಷಿನಿಂದ ಕೊಡವಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಬೇಸಿಗೆಯ ಧೂಳು ನಮ್ಮ ಕಡೆಯ ಊರುಗಳಲ್ಲೆಲ್ಲ ಅದೇ ಕೆಲಸ ಮಾಡುತ್ತದೆ. ಬಾಯಿಂದ ಊದಬೇಡಿ, ಉಗುಳಿನ ತೇವ ಕಡ್ಡಿಗೆ ತಾಗುತ್ತದೆ. ಇನ್ನೊಂದು ಮಾತು. ಕೆಲವು ಲ್ಯಾಪ್‌ಟಾಪುಗಳು ಬ್ಯಾಟರಿಯ ಮೇಲೆ ಓಡುವಾಗ ವಿದ್ಯುತ್ ಉಳಿಸಲು ಲ್ಯಾನ್ ಪೋರ್ಟನ್ನೇ ಮಲಗಿಸುತ್ತವೆ. ಚಾರ್ಜರ್ ಸಿಕ್ಕಿಸಿಯೇ ಪರೀಕ್ಷೆ ಮಾಡಿ.

ಈಗ ಹಳದಿ ತ್ರಿಕೋನ. ಇದು ತೊಂದರೆಯ ಗುರುತೇ ಅಲ್ಲ, ಆದರೂ ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ವಿಳಾಸ ಹಂಚುವವರು ಯಾರೂ ಇಲ್ಲದಾಗ ವಿಂಡೋಸ್ ಒಂದು ನಿಮಿಷದ ಮಟ್ಟಿಗೆ ಕಾದು, ತಾನೇ 169.254ರಿಂದ ಶುರುವಾಗುವ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ‘ಲಿಮಿಟೆಡ್ ಆರ್ ನೋ ಕನೆಕ್ಟಿವಿಟಿ’ ಎಂದು ತ್ರಿಕೋನ ತೋರಿಸುತ್ತದೆ. ಎರಡೂ ಲ್ಯಾಪ್‌ಟಾಪುಗಳು ಹೀಗೆ ಮಾಡಿಕೊಂಡರೆ ಅದೇ ವಿಳಾಸಗಳಲ್ಲಿ ಪರಸ್ಪರ ಮಾತಾಡಬಲ್ಲವು. ಆದರೂ ನೀವು ಕೈಯಾರೆ ವಿಳಾಸ ಕೊಟ್ಟಿದ್ದು ಒಳ್ಳೆಯದಾಯಿತು. ಅದು ಬದಲಾಗುವುದಿಲ್ಲ, ನೆನಪೂ ಇರುತ್ತದೆ. ಸಬ್‌ನೆಟ್ ಮಾಸ್ಕ್ ಎರಡರಲ್ಲೂ 255.255.255.0 ಇದೆಯೇ ಎಂದು ಒಮ್ಮೆ ನೋಡಿ. ಗೇಟ್‌ವೇ, ಡಿಎನ್ಎಸ್ ಜಾಗಗಳು ಖಾಲಿಯೇ ಇರಲಿ. ವಿಂಡೋಸ್ 7ರಲ್ಲಿ ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಎಂದು ಬಂದರೂ ಹೆದರಬೇಡಿ. ಗೇಟ್‌ವೇ ಇಲ್ಲದ ಸಂಪರ್ಕಕ್ಕೆ ಅದು ಇಡುವ ಹೆಸರೇ ಅದು.

ಈ ಉತ್ತರದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಪಿಂಗ್ ಕೊಡುವ ಉತ್ತರವನ್ನು ಓದುವ ಬಗೆಯನ್ನು ಇಟ್ಟುಕೊಳ್ಳಿ. ಪಿಂಗ್ ಮಾಡಿದಾಗ ಲ್ಯಾಪ್‌ಟಾಪ್ ಎರಡು ಕೆಲಸ ಮಾಡುತ್ತದೆ. ಮೊದಲು ತಂತಿಯ ಮೇಲೆ ಕೂಗಿ ಕೇಳುತ್ತದೆ: 192.168.10.1 ಯಾರದು, ನಿಮ್ಮ ಯಂತ್ರದ ಸಂಖ್ಯೆ ಹೇಳಿ. ಈ ಕೂಗಿಗೆ ಎಆರ್‌ಪಿ ಎನ್ನುತ್ತಾರೆ. ಉತ್ತರ ಬಂದ ಮೇಲೆ ಆ ಸಂಖ್ಯೆಗೆ ಪಿಂಗ್ ಕಳಿಸುತ್ತದೆ. ಕೂಗಿಗೇ ಯಾರೂ ಓಗೊಡದಿದ್ದರೆ ವಿಂಡೋಸ್ 7 ತನ್ನದೇ ವಿಳಾಸದಿಂದ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚೆಬಲ್’ ಎನ್ನುತ್ತದೆ. ಕೂಗಿಗೆ ಓಗೊಟ್ಟು, ಆಮೇಲೆ ಪಿಂಗಿಗೆ ಮಾತ್ರ ಸುಮ್ಮನಿದ್ದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ನಿಮಗೆ ಬಂದದ್ದು ಎರಡನೆಯದು. ಅಂದರೆ ಎಕ್ಸ್‌ಪಿ ಲ್ಯಾಪ್‌ಟಾಪ್ ತಂತಿಯ ಮೇಲೆ ಒಮ್ಮೆ ಮಾತಾಡಿದೆ. ಸುಟ್ಟ ಪೋರ್ಟಿನಿಂದ ಅದು ಸಾಧ್ಯವಿಲ್ಲ. ಎಕ್ಸ್‌ಪಿಯಿಂದ ಪಿಂಗ್ ಮಾಡಿದವರು ಈ ಸೂತ್ರ ಬಳಸಬಾರದು. ಎಕ್ಸ್‌ಪಿ ಎರಡೂ ಸಂದರ್ಭಕ್ಕೆ ‘ಟೈಮ್ಡ್ ಔಟ್’ ಎಂದೇ ಹೇಳುತ್ತದೆ.

ನನ್ನ ಮಾತಿಗಿಂತ ಕಣ್ಣಾರೆ ನೋಡುವುದು ಮೇಲು. ವಿಂಡೋಸ್ 7ರ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಮಾಡಿದ ಕೂಡಲೇ ಎಆರ್‌ಪಿ ಎಂಬ ಮೂರು ಅಕ್ಷರ, ಒಂದು ಜಾಗ, ಒಂದು ಅಡ್ಡಗೆರೆ, ಎ ಎಂದು ಟೈಪಿಸಿ ಎಂಟರ್ ಒತ್ತಿ. ಪಟ್ಟಿಯಲ್ಲಿ 192.168.10.1ರ ಮುಂದೆ ಆರು ಜೋಡಿ ಅಂಕಿ-ಅಕ್ಷರಗಳ ಸಾಲು ಕಂಡರೆ ಅದೇ ಎಕ್ಸ್‌ಪಿ ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟಿನ ಸಂಖ್ಯೆ. ಕಂಡಿತೋ, ಕೇಬಲ್ಲಿನ ವಿಚಾರ ಅಲ್ಲಿಗೆ ಮುಗಿಯಿತು, ಅದನ್ನು ಮತ್ತೆ ಮುಟ್ಟಬೇಡಿ.

ಇನ್ನು ಫೈರ್‌ವಾಲ್. 2004ರಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಫೈರ್‌ವಾಲ್ ತಾನಾಗಿಯೇ ಚಾಲೂ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆದು ವಿಂಡೋಸ್ ಫೈರ್‌ವಾಲ್‌ಗೆ ಹೋಗಿ. ಜನರಲ್ ಹಾಳೆಯಲ್ಲಿ ‘ಡೋಂಟ್ ಅಲೋ ಎಕ್ಸೆಪ್ಷನ್ಸ್’ ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ. ಎಕ್ಸೆಪ್ಷನ್ಸ್ ಹಾಳೆಯಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎಂಬುದಕ್ಕೆ ಟಿಕ್ ಹಾಕಿ. ಫೈಲ್ ಹಂಚಲು ಬೇಕಾದ ಬಾಗಿಲು ಇದರಿಂದ ತೆರೆಯುತ್ತದೆ, ಅದರ ಜೊತೆಗೆ ಪಿಂಗಿಗೂ ಉತ್ತರ ಬರತೊಡಗುತ್ತದೆ. ಇಷ್ಟಾದರೂ ಉತ್ತರ ಬರದಿದ್ದರೆ ಹಳೆಯ ಆಂಟಿವೈರಸ್ ಯಾವುದಾದರೂ ಉಳಿದಿದೆಯೇ ನೋಡಿ. ಅವಧಿ ಮುಗಿದು ಎಷ್ಟೋ ವರ್ಷವಾದ ಆಂಟಿವೈರಸ್ಸಿನ ಫೈರ್‌ವಾಲ್ ಇನ್ನೂ ಕಾವಲು ಕಾಯುತ್ತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಿಬಿಡಿ, ಈ ಲ್ಯಾಪ್‌ಟಾಪ್ ಇನ್ನು ಇಂಟರ್‌ನೆಟ್ಟಿಗೆ ಹೋಗಬಾರದು ಹೇಗೂ. ಎಕ್ಸ್‌ಪಿಗೆ ಸುರಕ್ಷತಾ ತಿದ್ದುಪಡಿಗಳು ಬರುವುದು 2014ರ ಏಪ್ರಿಲ್ 8ಕ್ಕೇ ನಿಂತಿತು.

ವಿಂಡೋಸ್ 7ರ ಫೈರ್‌ವಾಲನ್ನು ಮುಟ್ಟುವ ಅಗತ್ಯವಿಲ್ಲ. ಫೈಲುಗಳನ್ನು ಎಕ್ಸ್‌ಪಿ ಹಂಚಲಿ, ವಿಂಡೋಸ್ 7 ಎಳೆದುಕೊಳ್ಳಲಿ. ಕೇಳುವವನ ಫೈರ್‌ವಾಲ್ ತಾನು ಕೇಳಿದ್ದಕ್ಕೆ ಬರುವ ಉತ್ತರವನ್ನು ತಡೆಯುವುದಿಲ್ಲ. ಎಕ್ಸ್‌ಪಿಯಿಂದ ಪಿಂಗ್ ಮಾಡಿದಾಗ ಉತ್ತರ ಬರದೆ ಇದ್ದರೂ ಬಿಟ್ಟುಬಿಡಿ, ನಮಗೆ ಒಂದು ದಿಕ್ಕು ಸಾಕು. ಈ ದಿಕ್ಕನ್ನೇ ಆರಿಸಲು ಇನ್ನೊಂದು ಕಾರಣ ಎಕ್ಸ್‌ಪಿಯ ಸರಳ ಹಂಚಿಕೆ. ಅದು ಬಂದವರನ್ನೆಲ್ಲ ಅತಿಥಿಯೆಂದು ಒಳಗೆ ಬಿಡುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ.

ಹಾಡುಗಳಿರುವ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೇರಿಂಗ್ ಅಂಡ್ ಸೆಕ್ಯುರಿಟಿ’ ಆರಿಸಿ. ಮೊದಲ ಸಲ ಎಚ್ಚರಿಕೆಯ ಮಾತು ಬಂದು ವಿಝಾರ್ಡ್ ಓಡಿಸಿ ಎನ್ನುತ್ತದೆ. ಬೇಡ, ‘ಜಸ್ಟ್ ಎನೇಬಲ್ ಫೈಲ್ ಶೇರಿಂಗ್’ ಸಾಕು. ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚು ಎಂಬಲ್ಲಿ ಟಿಕ್ ಹಾಕಿ, ಶೇರ್ ನೇಮ್ ಎಂಬಲ್ಲಿ ಪದ ಎಂದು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಅದರ ಕೆಳಗೇ ನೆಟ್‌ವರ್ಕಿನವರು ನನ್ನ ಫೈಲ್ ಬದಲಿಸಬಹುದು ಎಂಬ ಇನ್ನೊಂದು ಟಿಕ್ ಇದೆ. ಅದನ್ನು ದಯವಿಟ್ಟು ಖಾಲಿ ಬಿಡಿ. ಆಗ ವಿಂಡೋಸ್ 7ರ ಕಡೆಯಿಂದ ಕೈತಪ್ಪಿ ಡಿಲೀಟ್ ಒತ್ತಿದರೂ ಮೂಲ ಫೈಲಿಗೆ ಏನೂ ಆಗುವುದಿಲ್ಲ.

ಆಮೇಲೆ ವಿಂಡೋಸ್ 7ರಲ್ಲಿ ವಿಂಡೋಸ್ ಗುರುತಿನ ಕೀಲಿಯ ಜೊತೆ ಆರ್ ಒತ್ತಿ, ಬರುವ ಚೌಕದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ 192.168.10.1 ಎಂದು (ಮೋಡೆಮ್ ಬಳಸಿದ್ದರೆ ಅದು ಎಕ್ಸ್‌ಪಿಗೆ ಹಂಚಿದ ವಿಳಾಸವನ್ನು) ಟೈಪಿಸಿ ಎಂಟರ್ ಕೊಡಿ. ‘ನೆಟ್‌ವರ್ಕ್’ ಐಕಾನಿನಲ್ಲಿ ಎಕ್ಸ್‌ಪಿಯ ಹೆಸರು ಕಾಣಲಿ ಎಂದು ಕಾಯುತ್ತ ಕೂರಬೇಡಿ. ಹೆಸರು ಹುಡುಕುವ ವ್ಯವಸ್ಥೆ ಬೇರೆ, ಸಂಪರ್ಕ ಬೇರೆ. ಹೆಸರು ಕಾಣದಿದ್ದರೂ ವಿಳಾಸದಿಂದ ಬಾಗಿಲು ತೆರೆಯುತ್ತದೆ. ಸರಳ ಹಂಚಿಕೆ ಚಾಲೂ ಇಲ್ಲದೆ ಹೆಸರು, ಪಾಸ್‌ವರ್ಡ್ ಕೇಳಿದರೆ ಎಕ್ಸ್‌ಪಿಯಲ್ಲಿ ನೀವು ಬಳಸುವ ಹೆಸರು ಕೊಡಿ. ಆ ಖಾತೆಗೆ ಪಾಸ್‌ವರ್ಡ್ ಇಲ್ಲದಿದ್ದರೆ ಮೊದಲು ಒಂದು ಇಡಿ. ಖಾಲಿ ಪಾಸ್‌ವರ್ಡಿನ ಖಾತೆಗೆ ವಿಂಡೋಸ್ ನೆಟ್‌ವರ್ಕಿನಿಂದ ಪ್ರವೇಶ ಕೊಡುವುದಿಲ್ಲ.

ಈಗಿನ ಯಾವುದಾದರೂ ಹೊಸ ಲ್ಯಾಪ್‌ಟಾಪಿಗೇ ಯಾಕೆ ನೇರವಾಗಿ ತರಬಾರದು ಎಂದು ನಿಮಗೆ ಅನ್ನಿಸಬಹುದು. ಎಕ್ಸ್‌ಪಿಗೆ ಫೈಲ್ ಹಂಚಿಕೆಯ ಹಳೆಯ ಭಾಷೆ ಎಸ್ಎಂಬಿ 1 ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಅದೇ ಭಾಷೆಯಲ್ಲಿದ್ದ ಬಿರುಕಿನಿಂದ ಲೋಕವೆಲ್ಲ ಹರಡಿತು. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್ಎಂಬಿ 1 ತಾನಾಗಿ ಬರುವುದಿಲ್ಲ. ನಿಮ್ಮ ವಿಂಡೋಸ್ 7ಕ್ಕೆ ಹಳೆಯ ಭಾಷೆಯೂ ಗೊತ್ತು, ಹೊಸದೂ ಗೊತ್ತು. ದುಭಾಷಿಯಾಗಿ ಅದು ನಡುವೆ ಇರುವುದು ನಿಮ್ಮ ಅದೃಷ್ಟ. ಹಳೆಯ ಭಾಷೆಯ ಆ ಬಿರುಕಿನ ಕಾರಣಕ್ಕೇ ನಕಲು ನಡೆಯುವಾಗ ವಿಂಡೋಸ್ 7ರ ವೈಫೈ ಆಫ್ ಮಾಡಿಡಿ.

ನಕಲಿನ ವಿಷಯದಲ್ಲಿ ನನಗೆ ಕಾಳಜಿ ಹೆಚ್ಚು. ಸಿಡಿ ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂಬಿ ತೆಗೆದುಕೊಳ್ಳುತ್ತದೆ. ನೀವು ಹಾಗೆ ಮುದ್ರಿಸಿದ್ದರೆ 40 ಜಿಬಿ ಎಂದರೆ ಅರವತ್ತು ಗಂಟೆಗೂ ಮೀರಿದ ಹಾಡು. ಕಡಕೋಳ ಮಡಿವಾಳಪ್ಪನವರ ಪದವನ್ನು ಏಕತಾರಿ ಹಿಡಿದು ತಮ್ಮ ಊರಿನ ಧಾಟಿಯಲ್ಲಿ ಹಾಡಿದ ಒಬ್ಬರ ದನಿ ಹೋದರೆ ಇನ್ನೊಬ್ಬರಿಂದ ತುಂಬಿಕೊಳ್ಳಲಾಗದು. ಅದೆಲ್ಲ ಹತ್ತೊಂಬತ್ತು ವರ್ಷಕ್ಕೂ ಹಳೆಯದಾದ ಒಂದೇ ಹಾರ್ಡ್ ಡಿಸ್ಕಿನ ಮೇಲಿದೆ. ಆದ್ದರಿಂದ ಫೋಲ್ಡರನ್ನು ಇಡಿಯಾಗಿ ಎಳೆಯಬೇಡಿ. ಈಗಿಲ್ಲದ ಹಾಡುಗಾರರ ಫೋಲ್ಡರುಗಳನ್ನು ಮೊದಲು ತನ್ನಿ. ಕಟ್ ಬೇಡ, ಕಾಪಿ ಮಾತ್ರ. ಗಟ್ಟಿ ಮೇಜಿನ ಮೇಲೆ ಇಡಿ, ನಡುವೆ ಎತ್ತಬೇಡಿ, ಕೆಳಗೆ ಗಾಳಿಯಾಡಲು ಎರಡು ಪುಸ್ತಕದ ಆಸರೆ ಕೊಡಿ. ಏಪ್ರಿಲ್-ಮೇ ಮಧ್ಯಾಹ್ನ ಬೇಡ, ಬೆಳಗಿನ ತಂಪಿನಲ್ಲಿ ಮಾಡಿ. ಡಿಸ್ಕಿನಿಂದ ಕಟಕಟ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.

100 ಎಂಬಿಪಿಎಸ್ ತಂತಿಯಲ್ಲಿ ಎಂಟು ಬಿಟ್ಟಿಗೆ ಒಂದು ಬೈಟಿನ ಲೆಕ್ಕದ ಪ್ರಕಾರ ಸೆಕೆಂಡಿಗೆ 12.5 ಎಂಬಿ ಹೋಗಬೇಕು. 8ರಿಂದ 11 ಸಿಕ್ಕರೆ ಎಲ್ಲ ಸರಿಯಿದೆ ಎಂದು ತಿಳಿಯಿರಿ. 40 ಜಿಬಿಗೆ ಒಂದರಿಂದ ಒಂದೂವರೆ ಗಂಟೆ. ಸೆಕೆಂಡಿಗೆ 1 ಎಂಬಿಗಿಂತಲೂ ಕಡಿಮೆ ಓಡುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಲ್ಯಾನ್ ಕಾರ್ಡಿನ ಅಡ್ವಾನ್ಸ್ಡ್ ಹಾಳೆ ತೆರೆದು ‘ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್’ ಎಂಬಲ್ಲಿ ಎರಡೂ ಲ್ಯಾಪ್‌ಟಾಪಿನಲ್ಲಿ ‘ಆಟೋ’ ಇದೆಯೇ ನೋಡಿ. ಒಂದರಲ್ಲಿ ಯಾರೋ ‘100 ಫುಲ್’ ಎಂದು ಕಟ್ಟಿಹಾಕಿದ್ದರೆ ಆಟೋ ಇರುವ ಇನ್ನೊಂದು ಹಾಫ್ ಡ್ಯುಪ್ಲೆಕ್ಸಿಗೆ, ಅಂದರೆ ಒಂದು ಸಲಕ್ಕೆ ಒಂದೇ ಕಡೆಯಿಂದ ಮಾತಾಡುವ ರೀತಿಗೆ, ಇಳಿಯುತ್ತದೆ. ಒಂದು ಮಾತಾಡುತ್ತಿರುವಾಗಲೇ ಇನ್ನೊಂದು ಬಾಯಿ ಹಾಕಿ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಪಿಂಗ್ ಮಾತ್ರ ಸಲೀಸಾಗಿ ಬರುತ್ತಿರುತ್ತದೆ, ಹಾಗಾಗಿ ಈ ದೋಷ ಬೇಗ ಕಣ್ಣಿಗೆ ಬೀಳದು.

ಎಕ್ಸ್‌ಪಿಯ ಬ್ಯಾಟರಿ ಸತ್ತೇ ಇರುತ್ತದೆ, ಕರೆಂಟ್ ಹೋದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಇನ್ವರ್ಟರ್ ಇರುವ ಕೋಣೆಯಲ್ಲಿ ಮಾಡಿ. ಎರಡರಲ್ಲೂ ಪವರ್ ಆಪ್ಷನ್ಸಿಗೆ ಹೋಗಿ ನಿದ್ರೆ ಬರದಂತೆ ‘ನೆವರ್’ ಮಾಡಿಡಿ. ಕಮಾಂಡ್ ಕಿಟಕಿ ನಿಮಗೆ ಈಗ ರೂಢಿಯಾಗಿದ್ದರೆ ವಿಂಡೋಸ್ 7ರಲ್ಲೇ ಇರುವ ರೋಬೋಕಾಪಿ ಬಳಸಿ: ಅದರ ಹೆಸರು, ಎಕ್ಸ್‌ಪಿಯ ಫೋಲ್ಡರಿನ ದಾರಿ, ಇಲ್ಲಿನ ಫೋಲ್ಡರಿನ ದಾರಿ, ಕೊನೆಗೆ ಸ್ಲ್ಯಾಶ್ ಇ. ನಡುವೆ ನಿಂತರೆ ಅದೇ ಸಾಲನ್ನು ಮತ್ತೆ ಕೊಡಿ. ಗಾತ್ರವನ್ನೂ ಸಮಯವನ್ನೂ ಹೋಲಿಸಿ ಆಗಲೇ ಬಂದದ್ದನ್ನು ಬಿಟ್ಟು ಉಳಿದದ್ದನ್ನು ತರುತ್ತದೆ. ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಎಣಿಕೆಯನ್ನೂ ಬೈಟುಗಳ ಎಣಿಕೆಯನ್ನೂ ಕೊನೆಯ ಅಂಕಿವರೆಗೆ ತಾಳೆ ನೋಡಿ. ಪ್ರತಿ ಫೋಲ್ಡರಿನಿಂದ ಒಂದೆರಡು ಹಾಡನ್ನು ಕೊನೆತನಕ ಕೇಳಿ. ವಿಂಡೋಸ್ 7ರ ಯುಎಸ್‌ಬಿ ಚೆನ್ನಾಗಿದ್ದರೆ ಅಂದೇ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದು ಅದನ್ನು ಬೇರೆ ಮನೆಯಲ್ಲಿಡಿ.

ನೀವು ಕೇಳದ ಒಂದು ಸಂಗತಿ ಉಳಿದಿದೆ. ಹಾಡುಗಳ ಜೊತೆ ಹಾಡಿದವರ ಹೆಸರು, ಊರು, ಪದದ ಪಾಠ ಬರೆದಿಟ್ಟಿರುತ್ತೀರಿ. ಆ ಕಾಲದ ಟೈಪಿಂಗ್ ಬಹುತೇಕ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ನಡೆಯುತ್ತಿತ್ತು. ಅವು ಈಗ ಎಲ್ಲ ಕಂಪ್ಯೂಟರುಗಳೂ ಓದುವ ಏಕರೂಪದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ, ಫೈಲ್ ಕೆಟ್ಟಿದೆ ಎಂದು ಜನ ಅಳಿಸಿಬಿಡುತ್ತಾರೆ. ಕೇಬಲ್ ಕೀಳುವ ಮೊದಲು ಎಕ್ಸ್‌ಪಿಯ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಫಾಂಟುಗಳನ್ನೂ ಬಿಆರ್‌ಎಚ್ ಎಂದು ಶುರುವಾಗುವ ಬರಹದ ಫಾಂಟುಗಳನ್ನೂ ನಕಲು ಮಾಡಿ ಹಾಡುಗಳ ಜೊತೆಗೇ ತನ್ನಿ, ವಿಂಡೋಸ್ 7ರಲ್ಲಿ ಅವುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಯೂನಿಕೋಡಿಗೆ ಬದಲಿಸುವ ಕೆಲಸ ಆಮೇಲೆ ನಿಧಾನವಾಗಿ ಮಾಡಬಹುದು. ಫೈರ್‌ವಾಲಿನ ಹಂತದಲ್ಲಿ ಎಲ್ಲಾದರೂ ನಿಂತರೆ ಪಿಂಗ್ ಮತ್ತು ಎಆರ್‌ಪಿ ತೋರಿಸಿದ ಸಾಲುಗಳ ಫೋಟೋ ತೆಗೆದು ಕಳಿಸಿ, ಅಲ್ಲಿಂದ ಮುಂದೆ ನೋಡೋಣ.